ಕಣ್ಣಳತೆಯ ಮ್ಯಾಟು

ಮಣ್ಣಿನ ಮಾದರಿ ಸಂಗ್ರಹಿಸಲು ಗದ್ದೆಯಿಂದ ಗದ್ದೆಗೆ ಅಲೆಯುವ ನನ್ನ ಕೆಲಸದಲ್ಲಿ ಕಾರಿನ ರಬ್ಬರ್ ಮ್ಯಾಟುಗಳು ಒಂದು ಮಳೆಗಾಲವೂ ಬಾಳುವುದಿಲ್ಲ. ಹಾಗಾಗಿ ಅಲ್ಯೂಮಿನಿಯಂ ತಗಡಿನ ಮ್ಯಾಟು ಮಾಡಿಸಲು ಹೊನ್ನಾಳಿಯ ಒಬ್ಬ ವೆಲ್ಡಿಂಗ್ ಮೇಸ್ತ್ರಿಯ ಬಳಿಗೆ ಹೋದೆ. ಅವರು ಕಣ್ಣಳತೆಯಲ್ಲೇ ದೇವಸ್ಥಾನದ ಬಾಗಿಲು ಕೂರಿಸಿದವರೆಂದು ಊರೆಲ್ಲ ಹೇಳುತ್ತಿತ್ತು. ಯಾವ ದೇವಸ್ಥಾನವೆಂದು ಮೂವರನ್ನು ವಿಚಾರಿಸಿದೆ; ಮೂರು ದೇವರ ಹೆಸರು ಸಿಕ್ಕವು.

ನಾನು ಟೇಪು ತೆಗೆದಾಗ, "ಬ್ಯಾಗಿನಾಗೆ ಇಡ್ರೀ ಮೇಡಂ, ಇದೇನು ಟೈಲರ್ ಅಂಗಡಿ ಅಲ್ಲ" ಎಂದರು. ಒಮ್ಮೆ ಬಗ್ಗಿ ನೋಡಿ, ತಗಡು ಕತ್ತರಿಸಿ, ಅಂಚು ಮಡಚಿ ಕೂರಿಸಿದರು. ಹೊಳಪು ಚೆನ್ನಾಗಿತ್ತು. ಬ್ರೇಕ್ ಒತ್ತಿದೆ, ಪೆಡಲು ಅರ್ಧಕ್ಕೇ ಆ ಅಂಚಿಗೆ ತಗುಲಿ ನಿಂತಿತು.

"ಮೇಸ್ತ್ರಿ, ಬ್ರೇಕ್ ಪೂರ್ತಿ ಇಳಿಯುತ್ತಿಲ್ಲ."

"ನೀವು ಹೆಣ್ಮಕ್ಳು ಅಷ್ಟು ಜೋರಾಗಿ ಎಲ್ಲಿ ಓಡಿಸ್ತೀರಿ? ಅರ್ಧ ಬ್ರೇಕು ಸಾಕಾಗ್ತೈತೆ ಬಿಡ್ರೀ."

ವಾದ ಬೆಳೆಸದೆ ಪಕ್ಕದ ಸೀಟಿನ ಬಾಗಿಲು ತೆರೆದೆ.

"ಹಾಗಾದರೆ ಕೂತುಕೊಳ್ಳಿ, ಹೊಳೆಯ ಸೇತುವೆಯವರೆಗೆ ಹೋಗಿ ಬರೋಣ."

ಮೇಸ್ತ್ರಿ ಸೇತುವೆಯ ದಿಕ್ಕನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು.

"ತಡೀರಿ, ಎರಡು ಇಂಚು ತೆಗೀತೀನಿ."

ತೆಗೆದದ್ದು ಮೂರು ಇಂಚು. ಈಗ ಪೆಡಲು ಪೂರ್ತಿ ಇಳಿಯಿತು. ಆದರೂ ಮೇಸ್ತ್ರಿ ಕಾರು ಹತ್ತಲು ಒಪ್ಪಲಿಲ್ಲ. ತಮ್ಮ ಕಣ್ಣಳತೆಯ ಮೇಲೆ ಊರಿಗಿದ್ದಷ್ಟು ನಂಬಿಕೆ ಅವರಿಗೇ ಇರಲಿಲ್ಲ.