ಕೇತಿ ಕಾಯ್ದ ಹಳದಿ ಗಾಜು

ಕೋಟೆ ತಾಲ್ಲೂಕಿನಲ್ಲಿ ಹ್ಯಾಂಡ್‌ಪೋಸ್ಟ್ ಊರು ದಾಟಿದ ಮೇಲೆ ಸಿಗುವ, ಕಾಡಿನ ಜನರ ಹಾಡಿಯ ಕೇತಿಗೆ ತಿಂಗಳ ಸಂಬಳದ ಕೆಲಸ ಸಿಕ್ಕಿದ್ದು ೧೯೭೬ರಲ್ಲಿ. ಕೆಲಸವೆಂದರೆ ಒಂದು ಗಾಜು ಕಾಯುವುದು, ಅಷ್ಟೇ. ಮೈಸೂರಿನ ಕಾಲೇಜು ಮೇಷ್ಟ್ರು ಚನ್ನಬಸವಣ್ಣ ರಬ್ಬರ್ ಕೈಗವಸು ಹಾಕಿಕೊಂಡು ಬಂದು, ಅದನ್ನು ಹಾಡಿಯ ಪಕ್ಕದ ಫಾರೆಸ್ಟ್ ಬಂಗಲೆಯ ಮುಂದೆ ಬಿಸಿಲಿಗೆ ಓರೆಯಾಗಿ ನಿಲ್ಲಿಸಿದ್ದರು. ಗಾಜಿನ ಬೆನ್ನಿಗೆ ಕೂದಲೆಳೆಗಿಂತ ತೆಳ್ಳನೆಯ ಹಳದಿ ಲೇಪ, ಅದರ ಮೇಲೊಂದು ಕಪ್ಪು ಪದರ, ಹಿಂದೆ ಮುಚ್ಚಲು ತಗಡು. ಬಿಸಿಲಿನಿಂದ ಕರೆಂಟು ಹುಟ್ಟುತ್ತಿದ್ದುದು ಆ ಲೇಪದಲ್ಲಿ. ಇದನ್ನು ಮೇಷ್ಟ್ರು ಕೇತಿಗೆ ಹೇಳಲಿಲ್ಲ. ಹೆಬ್ಬೆಟ್ಟಿನ ಹೆಂಗಸಿಗೆ ಇದೆಲ್ಲ ಯಾಕೆ ಎಂದುಕೊಂಡಿರಬೇಕು. ಗಾಜಿಗೆ ತಂತಿ ಕಟ್ಟಿದ ಪೆಟ್ಟಿಗೆಯ ಮುಳ್ಳು ಎಲ್ಲಿಗೆ ಏಳುತ್ತದೋ ದಿನಾ ಮಧ್ಯಾಹ್ನ ಅಲ್ಲಿಗೊಂದು ಗೀಟು ಹಾಕು, ಯಾರೂ ಮುಟ್ಟದ ಹಾಗೆ ನೋಡಿಕೋ ಎಂದು ಹೇಳಿ ಬಸ್ಸು ಹತ್ತಿದರು.

ಕೇತಿಗೆ ಕಂಡದ್ದು ಅರಿಶಿನ. ಹೊಸ ಸಾಮಾನಿಗೆ ಅರಿಶಿನ ಬಳಿಯದವರು ಯಾರಿದ್ದಾರೆ? ಕೈಗವಸು ಕಂಡು, ಮೇಷ್ಟ್ರು ಮಡಿಯಲ್ಲಿ ಪೂಜೆ ಮಾಡಿಯೇ ಇಟ್ಟಿದ್ದಾರೆಂದು ಅವಳಿಗೆ ಗೌರವವೂ ಹುಟ್ಟಿತು. ಮಗಳು ಕೊಡಗಿನ ತೋಟಕ್ಕೆ ಕೂಲಿಗೆ ಹೋಗಿದ್ದಳು. ಎರಡು ವರ್ಷದ ಮೊಮ್ಮಗಳು ನಿಂಗಿಯನ್ನು ಸೊಂಟಕ್ಕೇರಿಸಿಕೊಂಡು ಕೇತಿ ಒಂದು ವರ್ಷ ಆ ಗಾಜನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು.

ಆಯುಧಪೂಜೆ ಬಂತು. ಮಚ್ಚು, ಗುದ್ದಲಿ ತೊಳೆದ ಕೇತಿ ಅನ್ನ ಕೊಡುವ ಗಾಜನ್ನು ಬಿಟ್ಟಾಳೆಯೇ? ಹಿಂದಿನ ತಗಡು ಬಿಚ್ಚಿ, ಹುಣಸೆಹಣ್ಣು ಹಚ್ಚಿ ಗಸಗಸ ಉಜ್ಜಿದಳು. ಮೊದಲು ಮಸಿ ಬಂತು, ಆಮೇಲೆ ಹಳದಿ. ದೇವರ ಅರಿಶಿನ ಕಂಡಕಂಡಲ್ಲಿ ಚೆಲ್ಲಬಾರದೆಂದು ಬಳಿದು ತೆಗೆದು ನಿಂಗಿಯ ಕೆನ್ನೆಗೆ, ಪಾದಕ್ಕೆ ಹಚ್ಚಿದಳು. ಗಾಜಿಗೆ ಹೊಸ ಅರಿಶಿನ ಬಳಿದು ಕುಂಕುಮ ಇಟ್ಟಳು.

ಮಧ್ಯಾಹ್ನ ಮುಳ್ಳು ಅಲ್ಲಾಡಲಿಲ್ಲ. ಪೆಟ್ಟಿಗೆ ತಟ್ಟಿ ನೋಡಿದಳು, ಕೈಮುಗಿದು ನೋಡಿದಳು. ವರ್ಷದ ಗೀಟು ನೋಡಲೆಂದು ಮೇಷ್ಟ್ರು ಅದೇ ಹೊತ್ತಿಗೆ ಬಂದಿಳಿದರು.

“ಅಳೇ ಅರಿಶಿನ ಒರೆಸಿ ಒಸಾದು ಬಳ್ದೆ ಸ್ವಾಮಿ. ಮುಳ್ಳು ಏಳ್ನೇ ಇಲ್ಲ. ಕೆಲ್ಸದಿಂದ ತೆಗೆದ್‌ಬುಟ್ಟೀರಾ?”

ಮೇಷ್ಟ್ರು ಗಾಜಿನ ಬೆನ್ನು ತಿರುಗಿಸಿ ನೋಡಿದರು. ಮೂರು ವರ್ಷದ ಶ್ರಮ ಹುಣಸೆಹುಳಿಯಲ್ಲಿ ತೊಳೆದುಹೋಗಿತ್ತು. ಬೈಯಲು ಬಾಯಿ ತೆರೆದವರ ಕಣ್ಣು ನಿಂಗಿಯ ಮೇಲೆ ಬಿತ್ತು. ಕೆನ್ನೆಯೆಲ್ಲ ಹಳದಿ, ಬಾಯಲ್ಲಿ ಹೆಬ್ಬೆರಳು.

“ಅಯ್ಯೋ, ಅದು ಅರಿಶಿನ ಅಲ್ಲ ಕೇತಮ್ಮ. ವಿಷ. ಹೊಟ್ಟೆಗೆ ಹೋಗಬಾರದು.”

ಕೇತಿ ಮಗುವಿನ ಬಾಯಿಂದ ಬೆರಳು ಕಿತ್ತಳು. ಮೇಷ್ಟ್ರೇ ಬಾವಿಯಿಂದ ನೀರು ಸೇದಿ ಮಗುವಿನ ಮೈಕೈ ಉಜ್ಜಿ ತೊಳೆದರು. ಸಿಕ್ಕಿದ ಲಾರಿ ಹತ್ತಿ ಮೂವರೂ ಕೋಟೆ ಪಟ್ಟಣದ ಆಸ್ಪತ್ರೆಗೆ ಓಡಿದರು. ಡಾಕ್ಟರು ಬಾಯಿ, ಹೊಟ್ಟೆ ಎಲ್ಲ ಪರೀಕ್ಷಿಸಿ, ಹೋಗಿದ್ದರೂ ಸಾಸಿವೆಯಷ್ಟೂ ಹೋಗಿಲ್ಲ, ಹೆದರಬೇಡಿ ಎಂದರು.

ಆಸ್ಪತ್ರೆಯ ಜಗಲಿಯಲ್ಲಿ ಮೇಷ್ಟ್ರು ಬೆವರು ಒರೆಸಿಕೊಳ್ಳಲು ಚೀಲದಿಂದ ಟವೆಲ್ ಎಳೆದರು. ಅದರ ಜೊತೆಗೇ ಕೈಗವಸು ಹೊರಬಂದು ಕೆಳಗೆ ಬಿತ್ತು. ಕೇತಿ ಅದನ್ನು ನೋಡಿದಳು. ಮೇಷ್ಟ್ರು ಅದನ್ನು ಹಾಕಿಕೊಂಡದ್ದು ಮಡಿಗಲ್ಲವೆಂದು ಆಗ ತಿಳಿಯಿತು.

“ನಿಮ್ ಕೈಗೆ ಚೀಲ ಆಕ್ಕಂಡಿದ್ರಿ ಸ್ವಾಮಿ,” ಎಂದಳು. “ನಂಗೆ ಒಂದ್ ಮಾತು ಯೋಳ್ನಿಲ್ವಲ್ಲ.”

ಮೇಷ್ಟ್ರು ಕೈಗವಸು ಎತ್ತಿಕೊಳ್ಳಲು ಬಗ್ಗಿದವರು ಹಾಗೆಯೇ ಕೂತುಬಿಟ್ಟರು.