ಚಿಕ್ಕತಾಯಮ್ಮ ಹೆಸರು ಹಿಡಿದು ಅತ್ತಿದ್ದು

ಚಿಕ್ಕತಾಯಮ್ಮ ನಮ್ಮ ಬೀದಿಯವಳು. ಮೈಸೂರು ಪಕ್ಕದ ಹಿನಕಲ್‌ನಲ್ಲಿ ನಮ್ಮ ಮನೆ ದಾಟಿದರೆ ಅವಳ ಮನೆ. ಅಂಗನವಾಡಿಯಲ್ಲಿ ಅಡುಗೆ ಮಾಡಿಕೊಂಡಿದ್ದಳು. ವಯಸ್ಸಾಯಿತೆಂದು ಬಿಡಿಸಿದರು. ಗಂಡ ಸತ್ತು ಬಹಳ ಕಾಲವಾಯಿತು. ಮಗ ಮಹೇಶ ಆಟೋ ಓಡಿಸುತ್ತಾನೆ. ಆದರೆ ಊರಿನವರಿಗೆ ಅವಳು ಗೊತ್ತಿರುವುದು ಬೇರೆ ಕಾರಣಕ್ಕೆ. ಅವಳು ಸತ್ತವರ ಮನೆಗೆ ಹೋಗಿ ಅಳುತ್ತಾಳೆ.

ಅಳುವುದು ಎಲ್ಲರಿಗೂ ಬರುತ್ತದೆ. ಅವಳು ಹೆಸರು ಹಿಡಿದು ಅಳುತ್ತಾಳೆ. ಸತ್ತವರ ಹೆಸರು ಕೂಗಿ, ಅವರು ಏನು ಮಾಡಿದರು, ಏನು ಉಂಡರು, ಯಾರ ಜೊತೆ ಜಗಳ ಆಡಿದರು ಎಲ್ಲವನ್ನೂ ರಾಗ ಎಳೆದು ಹೇಳುತ್ತಾಳೆ. ಸುಳ್ಳು ಸೇರಿಸುವುದಿಲ್ಲ. ಜಿಪುಣ ಸತ್ತರೆ ಜಿಪುಣ ಎಂದೇ ಅಳುತ್ತಾಳೆ. ಮನೆಯವರಿಗೆ ಸಿಟ್ಟು ಬರುತ್ತದೆ, ಜೊತೆಗೆ ಕಣ್ಣೀರೂ ಬರುತ್ತದೆ. ಹೆಣ ಎತ್ತಿದ ಮೇಲೆ ಅವಳು ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಊಟ ಮಾಡುತ್ತಾಳೆ.

ನನ್ನ ಗಂಡ ನಿಂಗಯ್ಯ ಹೋದ ಶ್ರಾವಣದಲ್ಲಿ ತೀರಿಕೊಂಡರು. ಬೆಳಿಗ್ಗೆ ಹಾಲು ತಂದು ಕಟ್ಟೆಯ ಮೇಲಿಟ್ಟು ಚಪ್ಪಲಿ ಬಿಡುವಾಗ ಬಿದ್ದರು. ಹಾಲು ಚೆಲ್ಲಲಿಲ್ಲ. ನನ್ನ ಬಾಯಿಂದ ಒಂದು ಶಬ್ದ ಬರಲಿಲ್ಲ. ಚಿಕ್ಕತಾಯಮ್ಮ ಬಂದು ಅತ್ತಳು. "ಸೈಕಲ್ ಒರಸ್ದಂಗೆ ಒಂದಿನ ಮಕ ಒರಸ್ಕಳ್ನಿಲ್ವಲ್ಲೋ ನಿಂಗಯ್ಯ" ಎಂದಳು. ಅದು ನಿಜ.

ನಮ್ಮ ಮಹಡಿಯಲ್ಲಿ ಸಿಂಚನ ಎಂಬ ಹುಡುಗಿ ಬಾಡಿಗೆಗೆ ಇದ್ದಾಳೆ. ಅವಳು ಅವತ್ತು ಮೆಟ್ಟಿಲ ಮೇಲೆ ನಿಂತು ಆ ಅಳುವನ್ನು ಕೇಳಿಸಿಕೊಂಡಳು. ಹಗಲು ಕೆಲಸಕ್ಕೆ ಹೋಗುತ್ತಾಳೆ, ಸಂಜೆ ವಿಜಯನಗರದ ಒಂದು ಹವ್ಯಾಸಿ ನಾಟಕ ತಂಡಕ್ಕೆ ಹೋಗುತ್ತಾಳೆ.

ಅದಾದ ಮೇಲೆ ಚಿಕ್ಕತಾಯಮ್ಮನಿಗೆ ಒಂದು ಅವಮಾನವಾಯಿತು. ವಿಜಯನಗರದಲ್ಲಿ ಅವಳ ದೂರದ ನೆಂಟರೊಬ್ಬರು ತೀರಿಕೊಂಡರು. ಹೋದಳು. ಹೆಣವನ್ನು ಫ್ರೀಜರ್ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಪಕ್ಕದಲ್ಲಿ ಸ್ಪೀಕರಿನಲ್ಲಿ ಮಂತ್ರ ಹಾಕಿದ್ದರು. ಇವಳು ಹೆಸರು ಕೂಗಿದ ತಕ್ಷಣ ಆ ಮನೆಯ ಸೊಸೆ ಬಂದು, "ಆಂಟಿ, ಸ್ವಲ್ಪ ಮೆಲ್ಲಗೆ. ಅಕ್ಕಪಕ್ಕದವರಿಗೆ ಡಿಸ್ಟರ್ಬ್ ಆಗುತ್ತೆ" ಎಂದಳು. ಇವಳು ಎದ್ದು ಬಂದಳು. ಆಮೇಲೆ ಯಾರೂ ಕರೆಯಲಿಲ್ಲ.

ನಮ್ಮ ಜಗುಲಿಯಲ್ಲಿ ಕೂತು ಹೇಳಿದಳು. "ಮಂತ್ರುಕ್ಕೆ ಸತ್ತೋನ್ ಹೆಸ್ರು ಗೊತ್ತಾ ಅಂಬುಜಿ? ಎಲ್ಲಾರ್ಗೂ ಅದೇ ಮಂತ್ರ. ಇನ್ ನಾನ್ ಎಲ್ಲಿ ಅಳ್ಲಿ?"

ಸಿಂಚನ ಆಗಲೇ ಕೆಳಗಿಳಿದು ಬಂದಳು. "ಈ ವರ್ಷ ನಮ್ ತಂಡದೋರು ಮೂರು ನಾಟಕ ಮಾಡ್ತಿದ್ದೀವಿ. ಭಾನುವಾರ ಆಡಿಷನ್. ಒಂದ್ರಲ್ಲಿ ಮಗ ಸತ್ತೋದ ತಾಯಿ ಪಾರ್ಟು ಇದೆ. ನೀವು ಬನ್ನಿ ಅಜ್ಜಿ."

"ಆಡಿಷನ್ ಅಂದ್ರೆ ಏನವ್ವ?"

"ಅಲ್ಲಿ ಅತ್ತು ತೋರ್ಸೋದು. ಚೆನ್ನಾಗಿದ್ರೆ ಪಾರ್ಟು ಕೊಡ್ತಾರೆ."

"ಅಳದ್ರಲ್ಲಿ ಚೆನ್ನಾಗಿರದು ಯಾವ್ದು?" ಎಂದಳು. ಆಮೇಲೆ ಕೇಳಿದಳು, "ಎಷ್ಟ್ ಜನ ಕೂತಿರ್ತರೆ?"

"ಇನ್ನೂರು ಜನ."

"ಮಾತಾಡ್ತರಾ?"

"ಇಲ್ಲಜ್ಜಿ. ಫೋನೂ ಆಫ್ ಮಾಡಿಸ್ತೀವಿ."

ಚಿಕ್ಕತಾಯಮ್ಮ ಸೆರಗು ಸರಿಮಾಡಿಕೊಂಡಳು. "ಬತ್ತೀನಿ ಅನ್ನು" ಎಂದಳು. ಆ ಪಾರ್ಟು ಬೇಕು ಎಂದು ಆ ಕ್ಷಣಕ್ಕೇ ನಿಶ್ಚಯ ಮಾಡಿದ್ದಳು. ಅವಳ ಮುಖ ನೋಡಿ ಹೇಳುತ್ತಿದ್ದೇನೆ.

ಭಾನುವಾರ ಮಹೇಶ ಆಟೋದಲ್ಲಿ ಬಿಟ್ಟ. ನನ್ನನ್ನೂ ಕರೆದುಕೊಂಡು ಹೋದಳು.

"ಅವ್ವ, ನಾಳೆ ಸಿನಿಮಾದೋರು ಕರುದ್ರೆ ನನ್ ಆಟೋದಲ್ಲೇ ಹೋಗ್ಬೇಕು" ಎಂದ ಮಹೇಶ.

"ಆಗ ಮೀಟ್ರು ಆಕು ಅಂತೀನಿ. ಮುಂದೆ ನೋಡ್ಕಂಡು ಓಡ್ಸು."

ಆಡಿಷನ್ ಇದ್ದದ್ದು ವಿಜಯನಗರ ಬಡಾವಣೆಯ ಸಮುದಾಯ ಭವನದಲ್ಲಿ. ತಂಡ ನಡೆಸುವವರು ರುದ್ರಸ್ವಾಮಿ. ಹಗಲು ವಿದ್ಯುತ್ ಕಚೇರಿಯಲ್ಲಿ ಕೆಲಸ. ನಾಟಕ ಬರೆದವರೂ ಅವರೇ. ಒಳ್ಳೆಯ ಮನುಷ್ಯ, ಎಲ್ಲರಿಗೂ ಕುರ್ಚಿ ಹಾಕಿಸಿದರು. ತಾಯಿಯ ಪಾತ್ರಕ್ಕೆ ಇನ್ನೊಬ್ಬಳೂ ಬಂದಿದ್ದಳು, ನಜರ್‌ಬಾದಿನವಳು. ಅವಳು ಹೋಗಿ ಚೆನ್ನಾಗಿ ಅತ್ತಳು. ಸಾಕು ಎಂದ ತಕ್ಷಣ ನಿಲ್ಲಿಸಿ, ಫ್ಯಾನ್ ಹಾಕಿ ಎಂದಳು.

ಆಮೇಲೆ ಚಿಕ್ಕತಾಯಮ್ಮನನ್ನು ಕರೆದರು. ನೆಲದ ಮೇಲೆ ಅಮರ್ ಎಂಬ ದಪ್ಪಗಿನ ಮನುಷ್ಯ ಮಲಗಿದ್ದ. ಸತ್ತ ಮಗ ಅವನೇ. ನಾಟಕದಲ್ಲಿ ಅವನ ಹೆಸರು ಶಂಕರ.

"ಶುರು ಮಾಡಿ ತಾಯಿ" ಎಂದರು ರುದ್ರಸ್ವಾಮಿ.

ಅವಳು ಅಮರ್‌ನ ಪಕ್ಕ ಕೂತಳು. ಅವನ ಹೊಟ್ಟೆ ಏರಿ ಇಳಿಯುವುದನ್ನು ನೋಡಿದಳು. "ಇವ್ನು ಉಸ್ರಾಡ್ತಾವ್ನೆ" ಎಂದಳು.

"ಹೌದಮ್ಮ, ನಾಟಕ ಅಲ್ವಾ?"

"ಬದುಕಿರೋರ್ ಹೆಸ್ರು ಇಡ್ದು ಅಳಬಾರ್ದು ಸ್ವಾಮಿ. ಆಯಸ್ಸು ಕಮ್ಮಿಯಾಯ್ತದೆ."

ಅಮರ್ ಎದ್ದು ಕೂತ.

"ಇವನ ಹೆಸರು ಅಮರ್. ನೀವು ಅಳಬೇಕಾಗಿರೋದು ಶಂಕರ ಅಂತ."

"ಶಂಕ್ರ ನಮ್ಮಣ್ಣನ್ ಮಗ. ಮೊನ್ನೆ ಬಂದು ಕೋಳಿ ತಿಂದ್ಕಂಡು ಹೋದ."

"ಸರಿ, ರಾಜು ಅನ್ನಿ."

"ನಮ್ ಹಾಲಿನೋನು."

"ಗೋಪಾಲ?"

"ನಮ್ ಬೀದಿಯೋನು. ಅವನ್ಗೆ ಮೊದ್ಲೇ ಆಪ್ರೇಷನ್ ಆಗದೆ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ರುದ್ರಸ್ವಾಮಿಯವರೂ ನಗಲಿಲ್ಲ. "ಹೆಸರು ಇಲ್ಲದೆ ಅತ್ತುಬಿಡಿ. ಮಗನೇ ಅಂತ" ಎಂದರು.

"ಯಾರ್ ಅಂತ ಗೊತ್ತಿಲ್ದೆ ಎಂಗೆ ಅಳದು? ಅದು ಹೊಟ್ಟೆನೋವ್ಗೆ ಅತ್ತಂಗಾಯ್ತದೆ."

ನಾನು ಕುರ್ಚಿಯಲ್ಲಿ ಕೂತಲ್ಲಿಂದಲೇ ಹೇಳಿದೆ. "ನಿನ್ ಗಂಡನ್ ಹೆಸ್ರು ಇಡಿ ಕಣಕ್ಕ."

"ಅವನ್ಗಾ? ಅವತ್ತು ಅತ್ತಿದ್ದೇ ಜಾಸ್ತಿ ಆಯ್ತು."

ರುದ್ರಸ್ವಾಮಿ ಗಡಿಯಾರ ನೋಡಿದರು. ನಜರ್‌ಬಾದಿನವಳು ಫ್ಯಾನಿನ ಕೆಳಗೆ ಕಾಯುತ್ತಿದ್ದಳು. ಚಿಕ್ಕತಾಯಮ್ಮ ನನ್ನ ಕಡೆ ತಿರುಗಿದಳು. "ಅಂಬುಜಿ, ನಿಂಗಯ್ಯನ್ ಹೆಸ್ರು ಇಡ್ಕಳ್ಳಾ? ಮನೆಯೋಳು ನೀನು. ಕೇಳ್ದೆ ಅಳಾಕಿಲ್ಲ."

ನಾನು ಹೂಂ ಎಂದೆ. ಬೇಡ ಎನ್ನಲು ಅಲ್ಲಿ ಬಾಯಿ ಬರಲಿಲ್ಲ.

ಅತ್ತಳು. ಹಿಂದೆ ಅತ್ತಿದ್ದನ್ನು ಅಳಲಿಲ್ಲ, ಹೊಸದು ಅತ್ತಳು. "ನಿಂಗಯ್ಯಾ, ಹೆಂಡ್ತಿ ಕೈಲಿ ಬಯ್ಸ್ಕಳದೇ ನಿನ್ಗೆ ಬೆಳಗ್ಗಿನ್ ತಿಂಡಿಯಾಗಿತ್ತಲ್ಲೋ, ಈಗ ಅವ್ಳು ಯಾರ್ನ ಬಯ್ಯದೋ ನನ್ನಪ್ಪಾ" ಎಂದಳು. ನಜರ್‌ಬಾದಿನವಳು ಕೂಡ ಕಣ್ಣು ಒರೆಸಿಕೊಂಡಳು.

ನಾನು ಈಗ ಯಾರನ್ನೂ ಬಯ್ಯುತ್ತಿಲ್ಲ. ಅದೂ ನಿಜ.

ರುದ್ರಸ್ವಾಮಿ ಎದ್ದು ನಿಂತು ಹೇಳಿದರು, "ಪಾರ್ಟು ನಿಮ್ದೇ ತಾಯಿ. ಮಗನ ಹೆಸರು ನಿಂಗಯ್ಯ ಅಂತಲೇ ಬದಲಾಯಿಸ್ತೀನಿ. ದಿನಾ ಸಂಜೆ ತಾಲೀಮು. ಆಮೇಲೆ ಪ್ರದರ್ಶನ, ಮೈಸೂರಲ್ಲಿ, ಮಂಡ್ಯದಲ್ಲಿ, ಚಾಮರಾಜನಗರದಲ್ಲಿ."

ದಿನಾ ಸಂಜೆ ಎಂದದ್ದು ನನ್ನ ಕಿವಿಗೆ ಬಿತ್ತು.

"ಬೇಡ" ಎಂದೆ.

"ಯಾಕಮ್ಮ?"

"ನಮ್ಮೆಜಮಾನ್ರು ಒಂದ್ಸಲ ಸತ್ತವ್ರೆ. ಸಾಕು."

ಸಿಂಚನ ನೆಲ ನೋಡಿದಳು. ಚಿಕ್ಕತಾಯಮ್ಮನ ಪಾರ್ಟು ನನ್ನಿಂದ ಹೋಯಿತು ಎಂದು ನನಗೆ ಗೊತ್ತಾಯಿತು. ಆದರೂ ಮಾತು ವಾಪಸು ತೆಗೆದುಕೊಳ್ಳಲಿಲ್ಲ. ಅವಳು ಸಿಟ್ಟಾಗುತ್ತಾಳೆ ಎಂದುಕೊಂಡೆ. "ಸರಿ ಬುಡು. ನಿನ್ ಗಂಡ, ನಿನ್ ಮಾತು" ಎಂದಳು. ಅಷ್ಟೇ.

ಬಾಗಿಲ ತನಕ ಬಂದವಳು ನಿಂತಳು. ವಾಪಸು ಹೋಗಿ ಕೂತಳು.

"ಸ್ವಾಮಿ, ನನ್ ಹೆಸ್ರೇ ಇಕ್ಕಿ."

"ನಿಮ್ಮ ಹೆಸರಾ? ಬದುಕಿರೋರಿಗೆ ಅಳಬಾರ್ದು ಅಂದ್ರಿ?"

"ಬ್ಯಾರೇರ್ ಆಯಸ್ಸ ಮುಟ್ಟಾಕಿಲ್ಲ. ನಂದು ನಂದೇ ತಾನೆ? ನಾನ್ ಏನಾರ ಮಾಡ್ಕತೀನಿ. ನಾಳೆ ನಾನ್ ಸತ್ರೆ ಅಳೋರ್ ಯಾರವ್ರೆ? ಸೊಸೆ ಟಿವಿ ನೋಡ್ಕಂಡ್ ಅಳ್ತಳೆ, ಅದೂ ಮಾತಿಲ್ದೆ. ನನ್ಗೂ ಮಂತ್ರ ಆಕ್ತರೆ. ಅದ್ಕೆ ಮುಂಚೆ ನಾನೇ ಅತ್ಬುಡ್ತೀನಿ."

ಯಾರೂ ಏನೂ ಹೇಳುವ ಮೊದಲೇ ಶುರು ಮಾಡಿದಳು.

"ಚಿಕ್ಕತಾಯೀ, ನನ್ನವ್ವಾ, ಅಪ್ಪನ್ ಹೊಲದಾಗೆ ಕಳೆ ಕೀಳ್ತಾ ಕೀಳ್ತಾ ಮದ್ವೆಯಾಗ್ ಹೋದ್ಯಲ್ಲೇ. ಕೈ ಮಣ್ಣೂ ತೊಳ್ಕಳ್ನಿಲ್ವಲ್ಲೇ. ಮೂರ್ ಎಮ್ಮೆ ಕರ್ದು ಒಂದ್ ಲೋಟ ಹಾಲ್ ಕುಡೀನಿಲ್ವಲ್ಲೇ. ಊರ್ ಮಕ್ಳಿಗೆಲ್ಲಾ ಅನ್ನ ಇಕ್ಕಿ ತಳ ಸೀದಿದ್ದ ತಿಂದ್ಯಲ್ಲೇ. ಕುಡ್ಕನ್ ಕಟ್ಕಂಡು ಕುಂಕುಮ ಉಳಿಸ್ಕಳ್ಳಕೆ ಬೆಟ್ಟ ಹತ್ತುದ್ಯಲ್ಲೇ. ದಿನಾ ಸೊಸೆ ಸಾರ್ಗೆ ಹೆಸ್ರಿಡ್ತಿದ್ದ ಬಾಯಿ ಇವತ್ತು ಮುಚ್ಕತಲ್ಲೇ. ಬೀದಿ ಮಂದಿಗೆಲ್ಲಾ ಅತ್ಯಲ್ಲೇ ನನ್ನವ್ವಾ, ನಿನ್ ಕ್ಯಾಮೆ ನಿನ್ಗೇ ಬಂತಲ್ಲೇ."

ಸೊಸೆಯ ಸಾರಿನ ವಿಷಯವನ್ನೂ ಬಿಡಲಿಲ್ಲ. ತನಗೂ ಸುಳ್ಳು ಸೇರಿಸಲಿಲ್ಲ. ಇಷ್ಟು ವರ್ಷ ಅದೇ ಬೀದಿಯಲ್ಲಿದ್ದು ನನಗೆ ಅವಳು ಗಂಡನಿಗಾಗಿ ಹರಕೆ ಹೊತ್ತು ಬೆಟ್ಟ ಹತ್ತಿದ್ದು ಗೊತ್ತಿರಲಿಲ್ಲ. ಹಾಲು ಯಾಕೆ ಕುಡಿಯುವುದಿಲ್ಲ ಎಂದೂ ಗೊತ್ತಿರಲಿಲ್ಲ. ಅವಳಿಗೆ ಹಾಲು ಸೇರುವುದಿಲ್ಲ ಎಂದುಕೊಂಡಿದ್ದೆ.

ರುದ್ರಸ್ವಾಮಿ ಅಲ್ಲೇ ನಾಟಕ ತಿದ್ದಿದರು. ಸತ್ತ ಮಗ ಸತ್ತ ಮಗಳಾದ. ಮಗಳ ಹೆಸರು ಚಿಕ್ಕತಾಯಿ. ಹೆಣವಾಗಿ ಮಲಗುವುದು ಸಿಂಚನ. ಅಮರ್‌ಗೆ ಬೇಜಾರಾಯಿತು. ಮಾತಿಲ್ಲದ ಪಾರ್ಟು ಎಂದು ಖುಷಿಯಾಗಿದ್ದನಂತೆ. ಅವನಿಗೆ ಪೊಲೀಸಿನ ಪಾರ್ಟು ಕೊಟ್ಟರು. ಅದರಲ್ಲಿ ಮಾತು ಬಹಳ.

ಮನೆಯಲ್ಲಿ ಮಹೇಶನಿಗೆ ಗೊತ್ತಾದಾಗ ಗಲಾಟೆಯಾಯಿತು. ನಮ್ಮ ಜಗುಲಿಗೇ ಬಂದ. "ಅಂಬುಜತ್ತೆ, ನೀವಾದ್ರೂ ಹೇಳ್ಬಾರ್ದಾ? ಬದುಕಿರೋ ಅವ್ವನ್ನ ದಿನಾ ಸಂಜೆ ಸಾಯ್ಸ್ತರಂತೆ."

ನನ್ನ ಗಂಡನಿಗೆ ಬೇಡ ಎಂದವಳು ನಾನು. ಅವಳಿಗೆ ಬೇಡ ಎನ್ನಲು ನಾನು ಯಾರು?

ಹಿಂದೆಯೇ ಬಂದಿದ್ದ ಚಿಕ್ಕತಾಯಮ್ಮ ಹೇಳಿದಳು. "ನೀನ್ ಅಳದ್ ಕಲ್ತ್ಕ. ಅವತ್ತೇ ನಾಟ್ಕ ಬುಟ್ಬುಡ್ತೀನಿ."

"ಅದೇನ್ ಮಹಾ" ಎಂದ. ಜಗುಲಿಯ ಮೇಲೆ ಕೂತ. "ಅವ್ವಾ" ಎಂದ. ಮುಂದಕ್ಕೆ ಬರಲಿಲ್ಲ. "ಏನ್ ಹೇಳದು?"

"ನಾನ್ ಏನ್ ಮಾಡ್ದೆ ಅಂತ ಹೇಳು."

ಅವನು ಯೋಚನೆ ಮಾಡಿದ. "ಅಡ್ಗೆ ಮಾಡ್ದೆ" ಎಂದ.

"ಆಮ್ಯಾಕೆ?"

ಆಮೇಲೆ ಅವನಿಗೆ ಗೊತ್ತಿರಲಿಲ್ಲ. ತಲೆ ಕೆರೆದುಕೊಂಡ. ಅವಳು ಬಯ್ಯಲಿಲ್ಲ. ಎದ್ದು ತಾಲೀಮಿಗೆ ಹೊರಟಳು.

ಈಗ ದಿನಾ ಅವನೇ ಬಿಡುತ್ತಾನೆ, ಜೊತೆಗೆ ನಾನೂ ಹೋಗುತ್ತೇನೆ. ಮೊದಲೆರಡು ದಿನ ಆಟೋದಲ್ಲೇ ಕೂತು ಫೋನ್ ನೋಡುತ್ತಿದ್ದ. ಈಗ ಒಳಗೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾನೆ. ಫೋನ್ ಆಫ್ ಮಾಡಿರುತ್ತಾನೆ. ಮೊನ್ನೆ ವಾಪಸು ಬರುವಾಗ ಕೇಳಿದ, "ಅವ್ವ, ನಿಮ್ಮಪ್ಪನ್ ಹೊಲ ಎಲ್ಲಿತ್ತು?"

ಚಿಕ್ಕತಾಯಮ್ಮ ಆಟೋದಿಂದ ಕೈ ಹೊರಗೆ ಹಾಕಿ ತೋರಿಸಿದಳು. ಅಲ್ಲಿ ಈಗ ಆಟೋಗಳಿಗೆ ಗ್ಯಾಸ್ ತುಂಬುವ ಬಂಕ್ ಇದೆ. ಅವನು ದಿನಾ ಬೆಳಿಗ್ಗೆ ಅಲ್ಲೇ ಸಾಲಿನಲ್ಲಿ ನಿಲ್ಲುತ್ತಾನೆ. ಆಟೋ ನಿಧಾನ ಮಾಡಿ ಒಂದು ಸಲ ಪೂರ್ತಿ ನೋಡಿದ. ಆಮೇಲೆ, "ಏನ್ ಹಾಕ್ತಿದ್ರಿ? ರಾಗಿನಾ?" ಎಂದು ಕೇಳಿದ.