ಸೇತುವೆಯ ಮೇಲೆ ನಿಂತ ಗುಂಸುನ್ ಅತ್ತಿಗೆ

ತೆಬೆಕ್ ಬೆಟ್ಟದ ನಮ್ಮ ಗಣಿಯೂರಿನಲ್ಲಿ ವಯಸ್ಸು ಕೇಳಿದರೆ ಯಾರೂ ಇಸವಿ ಹೇಳುವುದಿಲ್ಲ. ಒಬ್ಬ ಗ್ಯಾಸ್ ಸಿಡಿದ ವರ್ಷ ಹುಟ್ಟಿದವನು, ಇನ್ನೊಬ್ಬಳು ಚಾವಣಿ ಕುಸಿದ ವರ್ಷ ಮದುವೆಯಾದವಳು. ಸುರಂಗಕ್ಕೆ ನೀರು ನುಗ್ಗಿದ ವರ್ಷ ಗುಂಸುನ್ ಗಂಡನನ್ನು ಕಳೆದುಕೊಂಡಳು. ಅವಳ ಗಂಡ ದೊಕ್‌ಬೆ ನನ್ನ ಜೊತೆ ಅಗೆಯುತ್ತಿದ್ದವನು, ನನಗಿಂತ ಹಿರಿಯ. ಹಾಗಾಗಿ ನನಗವಳು ಅತ್ತಿಗೆ.

ನೀರು ಇಳಿದ ಮೇಲೂ ಕಂಪನಿ ಒಳಗಿದ್ದವರ ಹೆಣ ತೆಗೆಸಲಿಲ್ಲ. ಆ ಸುರಂಗದ ಬಾಯಿಗೆ ಸಿಮೆಂಟಿನ ಗೋಡೆ ಕಟ್ಟಿ, ಪಕ್ಕದಲ್ಲಿ ಅಗೆಯಿರಿ ಎಂದಿತು. ಅತ್ತಿಗೆಗೆ ಕಲ್ಲಿದ್ದಲಿನಿಂದ ಕಲ್ಲು ಆರಿಸುವ ಕೆಲಸ ಕೊಟ್ಟು ಕೈತೊಳೆದುಕೊಂಡಿತು.

ನಮ್ಮ ಹೆಂಗಸರು ಗಂಡನನ್ನು "ಹೋಗಿ ಬನ್ನಿ" ಎಂದು ಗಣಿಗೆ ಕಳಿಸಿ, ಮನೆಯಲ್ಲುಳಿದ ಅವನ ಚಪ್ಪಲಿ ಜೋಡನ್ನು ಒಳಮುಖವಾಗಿ ತಿರುಗಿಸಿಡುತ್ತಾರೆ, ಅವನು ತಿರುಗಿ ಬರಲೆಂದು. ಮಳೆಗಾಲ ಕಳೆದು ಹಿಮ ಬಿದ್ದರೂ ದೊಕ್‌ಬೆಯ ಜೋಡು ಹಾಗೇ ಇತ್ತು.

"ತೆಗೆದಿಡಮ್ಮ, ನೋಡಕ್ಕಾಗಲ್ಲ," ಎಂದಳು ಅವನ ತಾಯಿ.

"ಅವರಿನ್ನೂ ಬಂದಿಲ್ವಲ್ಲ ಅತ್ತೆ," ಎಂದಳು ಗುಂಸುನ್.

ಗಣಿ ಕಚೇರಿಗೆ ಅಲೆದಲೆದು ಅವಳ ಕಾಲು ಸವೆಯಿತು. ಕೊನೆಗೊಂದು ಬೆಳಿಗ್ಗೆ ನಾವು ಪಾಳಿಗೆ ಹೊರಟಾಗ ಹಳ್ಳದ ಸೇತುವೆಯ ನಡುವೆ ನಿಂತಿದ್ದಳು. ಗಣಿಗೆ ಹೋಗುವಾಗ ಹೆಂಗಸು ಅಡ್ಡ ಬಂದರೆ ನಾವು ಮನೆಗೆ ವಾಪಸು. ಮೂಢನಂಬಿಕೆ ಅಂತ ಪೇಟೆಯವರು ನಗಲಿ ಬಿಡಿ, ಸುರಂಗದ ಚಾವಣಿ ಅವರ ತಲೆಯ ಮೇಲಿಲ್ಲವಲ್ಲ.

ಮೇಸ್ತ್ರಿ ಪ್ಯೊ ಓಡಿಬಂದ. "ಏನಮ್ಮ, ಅಪಶಕುನದ ಹಾಗೆ ನಿಂತಿದೀಯ? ಸರಿ ಪಕ್ಕಕ್ಕೆ."

"ಅಪಶಕುನ ಆಗ್ಲಿ ಅಂತಾನೇ ನಿಂತಿರೋದು. ಗೋಡೆ ಒಡೆಸಿ, ಸರೀತೀನಿ."

"ಒಳಗಿರೋದು ಬರೀ ಮೂಳೆ ಕಣಮ್ಮ."

"ಮೂಳೆನೇ ಕೊಡಿ. ಸಂಬಳ ತರೋ ಗಂಡನ್ನ ಕೇಳಿದ್ನಾ ನಾನು?"

ಪ್ಯೊ ನಮ್ಮತ್ತ ತಿರುಗಿದ. "ನೀವು ಗಂಡಸರಲ್ವೇನ್ರೋ? ದಾಟ್ರೋ."

"ಮೊದ್ಲು ನೀವು ದಾಟಿ ಮೇಸ್ತ್ರಿ, ಹಿಂದೇನೇ ಬರ್ತೀವಿ," ಎಂದೆ.

ಅವನೂ ಗಣಿಯಲ್ಲೇ ಬೆಳೆದವನು, ಕಾಲು ಏಳಲಿಲ್ಲ. ನಾವು ಬುತ್ತಿ ಹಿಡಿದು ಮನೆಗೆ ಮರಳಿದೆವು. ನನಗಂತೂ ಒಳಗೊಳಗೇ ಖುಷಿಯಾಗಿತ್ತು.

ಮರುದಿನ ಕಲ್ಲು ಆರಿಸುವ ವಿಧವೆಯರೆಲ್ಲ ಬಂದರು. ಗ್ಯಾಸಿನ ವರ್ಷದವರು, ಚಾವಣಿಯ ವರ್ಷದವರು, ಸೇತುವೆ ತುಂಬ ಹೆಂಗಸರು. ಕೆಲಸದಿಂದ ಕಿತ್ತುಹಾಕುತ್ತೇವೆ ಎಂದು ಕಂಪನಿ ಬೆದರಿಸಿತು, ಅತ್ತಿಗೆ ಜಗ್ಗಲಿಲ್ಲ. ಅಗೆತ ನಿಂತು ವಾರ ತುಂಬುವುದರೊಳಗೆ ಗೋಡೆ ಒಡೆಯಲು ನಮ್ಮನ್ನೇ ಕರೆದರು. ಅಂದು ಹೆಂಗಸರು ಸರಿದು ದಾರಿ ಬಿಟ್ಟರು.

ದೊಕ್‌ಬೆಯನ್ನು ಬೆಲ್ಟಿನಿಂದ ಗುರುತಿಸಿದೆವು. ಹೊತ್ತು ತಂದು ಅವನ ಅಂಗಳದಲ್ಲಿ ಇಳಿಸುವಾಗ ನಾನು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಅತ್ತಿಗೆ ಅಳಲಿಲ್ಲ.

ಚಟ್ಟ ಗುಡ್ಡದ ಕಡೆ ಹೊರಡುವ ಹೊತ್ತಿಗೆ ಅವಳು ಬಾಗಿ, ಹೊಸ್ತಿಲಲ್ಲಿದ್ದ ಜೋಡನ್ನು ತಿರುಗಿಸಿ ಹೊರಮುಖವಾಗಿ ಇಟ್ಟಳು.

"ಬಂದ್ರಲ್ಲ," ಎಂದಳು. "ಇನ್ನು ಹೋಗಿ."